ಎರಡು ಜಾಗಗಳಿದ್ದವು

ಜಾಗ ಒಂದೇ ಇದೆ ಎಂದು ನನ್ನ ಮಗಳಿಗೆ ನಾನು ಹೇಳಿದ್ದು ಸುಳ್ಳು. ಎರಡು ಜಾಗಗಳಿದ್ದವು. ಒಂದು ಅವಳ ಗೆಳತಿ ಶಬಾನಾಳಿಗೆ, ಇನ್ನೊಂದು ಅವಳಿಗೇ. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದ ಹದಿಮೂರರ ಹುಡುಗಿಯನ್ನು ನಾನು ಮನೆಗೆಲಸಕ್ಕೆಂದು ಹಿಡಿದಿಟ್ಟುಕೊಂಡೆ. ಹಿಡಿದಿಟ್ಟುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ — ಅವಳೇ ತನ್ನ ಕೈಯಾರೆ ಬಿಟ್ಟುಕೊಡುವಂತೆ ಮಾಡಿದೆ. ಬಿಟ್ಟುಕೊಟ್ಟದ್ದಕ್ಕೆ ಎದೆಗವಚಿಕೊಂಡು ಮುದ್ದಿಸಿದೆ ಕೂಡ. ಇಷ್ಟು ವರ್ಷ ಇದನ್ನು ಗಂಡನಿಗೂ ಹೇಳಿರಲಿಲ್ಲ.

ನಾನು ಹಳಿಯಾಳದವಳು. ಅಂಗನವಾಡಿಯಲ್ಲಿ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಓಣಿಯವರು ಇಂದಿಗೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಅಕ್ಕಾರ’ ಎನ್ನುತ್ತಾರೆ. ಹಂಚಿಕೊಂಡು ತಿನ್ನಬೇಕು, ಆಟದ ಸಾಮಾನನ್ನು ಕಸಿದುಕೊಳ್ಳಬಾರದು, ಇಲ್ಲದವರಿಗೆ ಮೊದಲು ಕೊಡಬೇಕು ಎಂದು ಈ ಊರಿನ ಅದೆಷ್ಟೋ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಈಗ ಅವರ ಮಕ್ಕಳು ನನ್ನ ಎದುರಿಗೆ ಬಂದರೆ ಕೈಯಲ್ಲಿದ್ದ ಬಿಸ್ಕೀಟನ್ನು ಮುರಿದು ಒಂದು ಚೂರು ನನ್ನ ಕಡೆ ಚಾಚುತ್ತವೆ. ತಾಯಂದಿರು ಹೆಮ್ಮೆಯಿಂದ ನಗುತ್ತಾರೆ. ಆ ಚೂರನ್ನು ಬಾಯಿಗೆ ಹಾಕಿಕೊಳ್ಳುವಾಗ ನನಗೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ಆ ದಿನಗಳ ನಮ್ಮ ಮನೆಯನ್ನು ಹೇಳಬೇಕು. ಹೇಳಿದರೆ ಅದೇ ಒಂದು ನೆಪವಾದೀತೆಂಬ ಹೆದರಿಕೆಯೂ ಇದೆ. ಗಂಡನದು ಹಿಟ್ಟಿನ ಗಿರಣಿ. ಬೆಳಿಗ್ಗೆ ಹೋದರೆ ಊಟಕ್ಕೆ ಬರುವುದು, ಊಟ ಮಾಡಿ ತಾಟನ್ನು ಅಲ್ಲೇ ಬಿಟ್ಟು ಏಳುವುದು. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮಗ ಮಂಜು ಇನ್ನೂ ಸಣ್ಣವನು, ನನ್ನ ಜೊತೆ ಅಂಗನವಾಡಿಗೆ ಬರುವವನು. ನಾನು ಅಂಗನವಾಡಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಇವೆಲ್ಲದರ ನಡುವೆ ಆ ಮನೆ ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ — ಮಗಳು ರೇಣುಕಾ ನಡೆಸುತ್ತಿದ್ದಳು. ನಳ ಬಂದ ಕೂಡಲೇ ಎದ್ದು ಕೊಡ ತುಂಬುವವಳು ಅವಳು. ಅಂಗಳ ಗುಡಿಸುವುದು, ಭಾಂಡೆ ತಿಕ್ಕುವುದು, ತಮ್ಮನ ಮೈ ತೊಳೆದು ಅಂಗಿ ಹಾಕುವುದು, ಅಜ್ಜಿಯ ಹಾಸಿಗೆಯ ಅರಿವೆ ಒಗೆಯುವುದು. ನಾನು ಹಿಟ್ಟು ನಾದಿಟ್ಟು ಹೋದರೆ ರೊಟ್ಟಿ ಬಡಿದು, ಎಲ್ಲರಿಗೂ ಮುಚ್ಚಿಟ್ಟು, ಆಮೇಲೆ ಶಾಲೆಗೆ ಓಡುತ್ತಿದ್ದಳು. ಒಂದು ದಿನವೂ ಗೊಣಗಲಿಲ್ಲ. ‘ಎಂಥಾ ಹುಡುಗಿರೀ ನಿಮ್ಮಾಕಿ’ ಎಂದು ಮಂದಿ ಹೊಗಳುತ್ತಿದ್ದರು. ನಾನು ಅದನ್ನು ನನ್ನ ಪಾಲಿಗೆ ಬಂದ ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಕೊಡುವುದನ್ನು ಅವಳಿಗೆ ನಾನು ಬಹಳ ಎಳವೆಯಲ್ಲೇ ಕಲಿಸಿದ್ದೆ. ಪಂಚಮಿಗೆ ಉಂಡಿ ಕಟ್ಟಿದಾಗ, ಮನೆಗೆ ಬೀಗರ ಮಕ್ಕಳು ಬಂದಾಗ, ‘ನೀ ದೊಡ್ಡಾಕಿ ಅಲ್ಲೇನ, ಕೊಡವಾ’ ಎನ್ನುತ್ತಿದ್ದೆ. ಅವಳು ಕೊಡುತ್ತಿದ್ದಳು. ಕೊಟ್ಟ ಮೇಲೆ, ತೆಗೆದುಕೊಂಡ ಮಗುವಿನ ಕಡೆ ಅವಳು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ನಾನು ನಕ್ಕರೆ ಅವಳ ಕಣ್ಣು ತಣ್ಣಗಾಗುತ್ತಿತ್ತು. ಗಂಡುಮಗನಿಂದ ನಾನು ಹೀಗೆ ಏನನ್ನೂ ಕೊಡಿಸಲಿಲ್ಲ, ಅವನಿಗೆ ಬೇಕೆಂದದ್ದನ್ನೂ ಇವಳಿಂದಲೇ ಕೊಡಿಸಿದೆ. ಈ ಮನೆಯಲ್ಲಿ ಅವ್ವನ ಪ್ರೀತಿ ಸಿಗುವುದು ಕೈ ಬಿಚ್ಚಿದಾಗ ಎಂದು ಆ ಕೂಸು ತಿಳಿದುಕೊಂಡಿತ್ತು. ಅವಳು ಹಾಗೆ ತಿಳಿದುಕೊಂಡಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಇದನ್ನೂ ಬರೆಯಲೇಬೇಕು — ಗೊತ್ತಿತ್ತು.

ನಮ್ಮ ಊರಲ್ಲಿ ಕುಸ್ತಿಯ ಹುಚ್ಚು ಇವತ್ತಿನದಲ್ಲ. ಗಂಡುಹುಡುಗರ ಜೊತೆಗೆ ಹುಡುಗಿಯರೂ ಮಣ್ಣಿಗೆ ಇಳಿಯತೊಡಗಿದ್ದ ಕಾಲ ಅದು. ರೇಣುಕಾಳ ಶಾಲೆಗೆ ಬಂದಿದ್ದ ಹೊಸ ದೈಹಿಕ ಶಿಕ್ಷಕರು ಸಂಜೆ ಹುಡುಗಿಯರಿಗೆ ಕುಸ್ತಿ ಕಲಿಸುತ್ತಿದ್ದರು. ಕೊಡ ಹೊತ್ತು, ಅಜ್ಜಿಯನ್ನು ಎತ್ತಿ ಕೂರಿಸಿ ರೇಣುಕಾಳ ತೋಳಿಗೆ ಬಂದಿದ್ದ ಶಕ್ತಿಯನ್ನು ಅವರು ಕಂಡರು. ಶಬಾನಾ ಅವಳ ಜೋಡಿ. ದಾಂಡೇಲಿ ರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವರ ಮಗಳು, ತಾಯಿಯಿಲ್ಲದ ಹುಡುಗಿ. ಇಬ್ಬರೂ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ನಮ್ಮ ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ಶಬಾನಾ ನನ್ನನ್ನು ‘ಮೌಶಿ’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಅವಳು ಬಂದ ದಿನ ರೇಣುಕಾ ಭಾಂಡೆ ತಿಕ್ಕುವಾಗಲೂ ನಗುತ್ತಿದ್ದಳು. ಹಾಗೆ ಬಾಯಿ ತುಂಬ ನಗುವುದನ್ನು ನಾನು ಆಮೇಲೆ ಕೇಳಿದ್ದು ಕಡಿಮೆ.

ಒಂದು ರವಿವಾರ ಮಧ್ಯಾಹ್ನ ಆ ಶಿಕ್ಷಕರು ಮನೆಗೆ ಬಂದರು. ರೇಣುಕಾ ತಮ್ಮನನ್ನು ಕರೆದುಕೊಂಡು ಗಿರಣಿಯಲ್ಲಿದ್ದ ಅಪ್ಪನಿಗೆ ಚಹಾ ಕೊಡಲು ಹೋಗಿದ್ದಳು. ನಾನೊಬ್ಬಳೇ ಇದ್ದೆ, ಒಳಕೋಣೆಯಲ್ಲಿ ಅತ್ತೆ.

“ಅಕ್ಕಾರ, ನಿಮ್ಮ ರೇಣುಕಾನೂ ಶಬಾನಾನೂ ಇಬ್ಬರೂ ಆರಿಸಿ ಬಂದಾರ್ರಿ,” ಎಂದರು. “ಹಾಸ್ಟೆಲಿನ್ಯಾಗ ಊಟ, ಸಾಲಿ, ತಾಲೀಮು ಎಲ್ಲಾ ಸರ್ಕಾರದ್ದ. ನೀವು ಹೂಂ ಅನ್ನೂದೊಂದ ಬಾಕಿ.”

ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಒಲೆಯ ಮುಂದೆ ನಿಂತೆ. ಅವಳು ಹೋದರೆ ಅಜ್ಜಿಯ ಅರಿವೆ ಯಾರು ಒಗೆಯಬೇಕು, ಬೆಳಿಗ್ಗೆ ಸಂಜೆ ಮಂಜುವನ್ನು ಯಾರು ನೋಡಿಕೊಳ್ಳಬೇಕು — ನಾನು ಕೆಲಸ ಬಿಡಬೇಕಾಗುತ್ತದೆ. ಆ ಕೆಲಸ ನನಗೆ ಬೇಕಿತ್ತು. ಹೊರಗೆ ಹೋದಾಗ ಮಂದಿ ‘ಅಕ್ಕಾರ’ ಎಂದು ಎದ್ದು ನಿಲ್ಲುತ್ತಿದ್ದರಲ್ಲ, ಅದು ಬೇಕಿತ್ತು. ಗಂಡನನ್ನು ಒಂದು ಮಾತು ಕೇಳಬಹುದಿತ್ತು. ಒಳಗೆ ಮಲಗಿದ್ದದ್ದು ಅವರ ಸ್ವಂತ ತಾಯಿ. ಅವರು ಒಂದು ಅರಿವೆ ಒಗೆದರೆ, ಒಂದು ಹೊತ್ತು ಮಗನನ್ನು ನೋಡಿಕೊಂಡರೆ — ಆ ಯೋಚನೆ ನನಗೆ ಬರಲೇ ಇಲ್ಲ. ಮನೆಯ ಕೆಲಸ ಎಂದರೆ ನಾನು, ನಾನಿಲ್ಲದಿದ್ದರೆ ಅವಳು. ಅಷ್ಟೇ ನನ್ನ ತಲೆಯಲ್ಲಿದ್ದ ಲೆಕ್ಕ.

ನೀರಿನ ತಂಬಿಗೆ ತಂದು ಅವರ ಮುಂದೆ ಇಟ್ಟು ಹೇಳಿದೆ: “ಆಕಿಗೇ ಮನಸ್ಸಿಲ್ರೀ ಸರ್. ಅಜ್ಜಿನ್ನ ಬಿಟ್ಟು ಹೋಗಾಂಗಿಲ್ಲ ಅಂತ ಹಟಾ ಹಿಡದಾಳ. ನೀವು ಮತ್ತ ಕೇಳಿದ್ರ ಅಳತಾಳ್ರಿ, ಕೇಳಬ್ಯಾಡ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಅಂಗನವಾಡಿ ಅಕ್ಕಾರು ಸುಳ್ಳು ಹೇಳುತ್ತಾರೆಂದು ಯಾರಾದರೂ ಯಾಕೆ ಅಂದುಕೊಳ್ಳಬೇಕು? ನೀರು ಕುಡಿದು ಎದ್ದು ಹೋದರು.

ಅಲ್ಲಿಗೆ ನಿಲ್ಲಿಸಿದ್ದರೂ ಅದು ಒಂದು ಸುಳ್ಳಾಗಿ ಉಳಿಯುತ್ತಿತ್ತು. ಆದರೆ ರೇಣುಕಾಳಿಗೆ ಸುದ್ದಿ ಹೇಗೂ ಮುಟ್ಟುತ್ತದೆ, ಶಬಾನಾ ಹೊರಟಾಗ ಕೇಳಿಯೇ ಕೇಳುತ್ತಾಳೆ. ಆ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಕೈಯಿಟ್ಟೆ.

“ನಿಮ್ಮ ಸರ್ ಬಂದಿದ್ರು. ಹಾಸ್ಟೆಲಿನ್ಯಾಗ ಒಂದ ಜಾಗಾ ಐತಂತ. ನೀ ಇಲ್ಲಾ ಶಬಾನಾ, ಇಬ್ಬರಾಗ ಒಬ್ಬರು,” ಎಂದೆ. “ಆಕಿಗೆ ಅವ್ವ ಇಲ್ಲ. ನಿನಗ ನಾ ಅದೇನಿ. ನೀ ಏನಂತಿ?”

ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು, ಅಂಚು ಒಡೆಯಿತು. ಅವಳ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ. ನಾನು ನೋಡಿದೆ. ನೋಡಿಯೂ ಸುಮ್ಮನೆ ಕೂತೆ.

“ಶಬಾನಾ ಹೋಗ್ಲಿ ಬಿಡವ್ವಾ,” ಎಂದಳು. ಎಂದು ನನ್ನ ಮುಖ ನೋಡಿದಳು.

ನಾನು ನಕ್ಕೆ. ಎಳೆದು ಅಪ್ಪಿಕೊಂಡೆ. ಅವಳು ಹಿಟ್ಟಿನ ಕೈಯನ್ನು ನನ್ನ ಸೆರಗಿಗೆ ತಾಗದಂತೆ ಎತ್ತಿ ಹಿಡಿದುಕೊಂಡಿದ್ದಳು. “ನನ್ನ ಹೊಟ್ಟ್ಯಾಗ ಹುಟ್ಟಿದ್ದಕ್ಕ ಸಾರ್ಥಕ ಮಾಡಿದಿ,” ಎಂದೆ. ಆಮೇಲೆ — ಇದು ಎಲ್ಲಕ್ಕಿಂತ ಹೇಸಿಗೆಯ ಮಾತು — “ಕೊಟ್ಟಿದ್ದನ್ನ ಬಾಯಿಬಿಟ್ಟು ಹೇಳಬಾರದವಾ. ಶಬಾನಾಗೂ ಹೇಳಬ್ಯಾಡ, ಸರ್‌ಗೂ ಕೇಳಬ್ಯಾಡ. ಆಕಿ ಮನಸ್ಸಿಗೆ ಹತ್ತತೈತಿ,” ಎಂದೆ. ದಾನವನ್ನು ಗುಟ್ಟಾಗಿಡಬೇಕೆಂಬ ಒಳ್ಳೆಯ ಮಾತನ್ನು ನನ್ನ ಸುಳ್ಳಿಗೆ ಬೀಗ ಮಾಡಿಕೊಂಡೆ. ಅವಳು ತಲೆಯಾಡಿಸಿದಳು. ಅವಳು ಮಾತಿಗೆ ತಪ್ಪುವ ಹುಡುಗಿಯಲ್ಲ.

ಶಬಾನಾ ಹೊರಡುವ ಮುನ್ನ ಹಿತ್ತಿಲಿಗೆ ಬಂದು ಜಗಳ ಮಾಡಿದಳು. ಕೂಡಿ ಹೋಗೋಣ ಎಂದು ಆಣೆ ಮಾಡಿದ್ದರಂತೆ. “ಅಂಜಿದೇನ ನೀ? ಅಂಜಬುರುಕಿ,” ಎಂದು ಅವಳು ಕೂಗುವುದು ಒಳಗೆ ಕೇಳಿಸುತ್ತಿತ್ತು. ರೇಣುಕಾ ಅಜ್ಜಿಯ ಅರಿವೆ ಹಿಂಡುತ್ತ ನಿಂತಿದ್ದಳು. ನಾನು ಬಾಗಿಲ ಹಿಂದೆ ಇದ್ದೆ. ಹೊರಗೆ ಬರಬಹುದಿತ್ತು.

ಮರುದಿನದಿಂದ ಅವಳು ತಾಲೀಮಿಗೆ ಹೋಗಲಿಲ್ಲ. ಅಲ್ಲಿ ಉಡುತ್ತಿದ್ದ ಬಟ್ಟೆಯನ್ನು ತನಗಿಂತ ಸಣ್ಣ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟಳು. ಅದನ್ನೂ ನಾನು ಹೊಗಳಿದೆ.

ಆ ವರ್ಷ ಕಳೆಯುವುದರೊಳಗೆ ಅತ್ತೆ ತೀರಿಕೊಂಡರು. ಮಂಜು ಶಾಲೆಗೆ ಹೋಗತೊಡಗಿದ. ನಾನು ಹೇಳಿಕೊಳ್ಳಬಹುದಾಗಿದ್ದ ಕಾರಣಗಳೆಲ್ಲ ಒಂದೊಂದಾಗಿ ಮುಗಿದವು. ಆಗಲಾದರೂ ಶಿಕ್ಷಕರ ಬಳಿ ಹೋಗಿ, ‘ಮುಂದಿನ ಆಯ್ಕೆಗೆ ಇವಳನ್ನು ಕರೆದುಕೊಳ್ಳಿ’ ಎನ್ನಬಹುದಿತ್ತು. ಹೋಗಲಿಲ್ಲ. ಹೋದರೆ ಹಿಂದಿನದು ಹೊರಗೆ ಬೀಳುತ್ತದೆ. ಜೊತೆಗೆ — ಅವಳು ಮನೆಯಲ್ಲಿರುವುದು ನನಗೆ ರೂಢಿಯಾಗಿಬಿಟ್ಟಿತ್ತು. ಬಿಸಿ ರೊಟ್ಟಿ, ತುಂಬಿದ ಕೊಡ, ಒಗೆದು ಮಡಚಿಟ್ಟ ಅರಿವೆ.

ಮೆಟ್ರಿಕ್ ಆದ ಮೇಲೆ ಸ್ವಲ್ಪ ದಿನ ಕಾಲೇಜಿಗೆ ಹೋದಳು. ಆಮೇಲೆ ಮುಂಡಗೋಡಿನ ಅರಿವೆ ಅಂಗಡಿಯ ಮನೆತನಕ್ಕೆ ಕೊಟ್ಟೆವು. ಅಳಿಯ ಒಳ್ಳೆಯವನು. ಅತ್ತೆ, ಮಾವ, ಬಂದುಹೋಗುವವರು, ಹಬ್ಬ ಹುಣ್ಣಿಮೆ — ದೊಡ್ಡ ಮನೆ. ‘ಇಂಥಾ ಸೊಸಿ ಸಿಗಬೇಕಂದ್ರ ಪುಣ್ಯಾ ಬೇಕು’ ಎಂದು ಬೀಗತಿ ನನ್ನ ಮುಂದೆ ಹೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಶಬಾನಾ ರಾಜ್ಯಮಟ್ಟದಲ್ಲಿ ಆಡಿದಳೆಂದೂ, ಓದಿ ದೈಹಿಕ ಶಿಕ್ಷಕಿಯಾದಳೆಂದೂ ಊರಲ್ಲಿ ಕೇಳುತ್ತಿದ್ದೆ. ಆ ಸುದ್ದಿಯನ್ನು ರೇಣುಕಾಳಿಗೆ ನಾನು ಯಾವತ್ತೂ ಹೇಳಲಿಲ್ಲ.

ಕಳೆದ ದೀಪಾವಳಿ ಮುಗಿದ ಮೇಲೆ ಮುಂಡಗೋಡಿಗೆ ಹೋಗಿ ಕೆಲವು ದಿನ ಮಗಳ ಮನೆಯಲ್ಲಿದ್ದೆ. ಅವಳಿಗೆ ಒಬ್ಬಳೇ ಮಗಳು, ಭೂಮಿ. ಒಂಬತ್ತು ತುಂಬಿದೆ. ಅವಳಿಗೆ ಅಪ್ಪ ಹೊಸ ಸೈಕಲ್ ಕೊಡಿಸಿದ್ದ. ನಾನಿದ್ದಾಗಲೇ ರೇಣುಕಾಳ ನಾದಿನಿ ಮಗನನ್ನು ಕರೆದುಕೊಂಡು ಬಂದಳು. ಹೊರಡುವ ಹೊತ್ತಿಗೆ ಆ ಹುಡುಗ ಸೈಕಲ್ ಬೇಕೆಂದು ಅಂಗಳದಲ್ಲಿ ಹೊರಳಾಡಿದ. ರೇಣುಕಾ ಮಗಳ ಪಕ್ಕ ಕೂತಳು. ಅವಳ ಬೆನ್ನ ಮೇಲೆ ಕೈಯಿಟ್ಟಳು.

“ನೀ ದೊಡ್ಡಾಕಿ ಅಲ್ಲೇನ, ಕೊಡವಾ.”

ಭೂಮಿ ಸೈಕಲ್ಲಿನ ಹ್ಯಾಂಡಲನ್ನು ಆ ಹುಡುಗನ ಕಡೆ ತಿರುಗಿಸಿದಳು. ತಿರುಗಿಸಿ, ಅವನ ಕಡೆ ನೋಡಲಿಲ್ಲ. ತನ್ನ ಅವ್ವನ ಮುಖ ನೋಡಿದಳು.

ಅವರು ಹೋದ ಮೇಲೆ ರೇಣುಕಾ ನನ್ನ ಕಡೆ ತಿರುಗಿ, “ಎಲ್ಲಾ ನೀ ಕಲಿಸಿದ್ದ ಅವ್ವಾ,” ಎಂದಳು. ಚುಚ್ಚಿ ಹೇಳಿದ್ದಲ್ಲ. ನಿಜವಾದ ಹೆಮ್ಮೆಯಿಂದ ಹೇಳಿದಳು. ಭೂಮಿ ಹಿತ್ತಿಲಿಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಅದೇ ವಾರ ಸಂತೆಯಲ್ಲಿ ರೇಣುಕಾಳಿಗೆ ಶಬಾನಾ ಸಿಕ್ಕಳು. ಮುಂಡಗೋಡಿನ ಒಂದು ಶಾಲೆಗೆ ವರ್ಗವಾಗಿ ಬಂದಿದ್ದಳಂತೆ. ಕಾಯಿಪಲ್ಲೆಯ ಚೀಲ ಹಿಡಿದುಕೊಂಡೇ ಇಬ್ಬರೂ ಮನೆಗೆ ಬಂದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಶಬಾನಾ “ಮೌಶಿ” ಎಂದು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಗಟ್ಟಿ ಹೆಂಗಸಾಗಿದ್ದಾಳೆ, ನೆಟ್ಟಗೆ ನಿಲ್ಲುತ್ತಾಳೆ. ಚಹಾ ಕುಡಿಯುತ್ತ ಅದೂ ಇದೂ ಮಾತಾಡಿ, ಆಮೇಲೆ ಕೇಳಿದಳು:

“ಒಂದ ಮಾತ ಕೇಳತೇನಿ ರೇಣುಕಾ. ನೀ ಯಾಕ ಬರಲಿಲ್ಲ? ನಿನಗ ಮನಸ್ಸಿಲ್ಲಂತ ಸರ್ ಅಂದ್ರು. ನಾ ನಂಬಲಿಲ್ಲ. ಅಲ್ಲಿ ಹೋದ ಮ್ಯಾಲೆ ಎಷ್ಟ ದಿನಾ ನಿನ್ನ ಬೈಕೋತ ಅತ್ತೇನಿ ಗೊತ್ತೇನು?”

ಈಗ ನನ್ನ ಸುಳ್ಳು ಹೊರಗೆ ಬಂತು ಎಂದುಕೊಂಡೆ. ‘ಜಾಗ ಒಂದೇ ಇತ್ತಲ್ಲ’ ಎಂದು ರೇಣುಕಾ ಒಂದು ಮಾತು ಹೇಳಿದರೆ ಸಾಕಿತ್ತು.

ಅವಳು ಹೇಳಲಿಲ್ಲ. ನಕ್ಕಳು. “ಹೌದ, ನನಗ ಮನಸ್ಸಿರಲಿಲ್ಲ. ಅಂಜಿಕಿ ಬಂದಿತ್ತು,” ಎಂದಳು. ಶಬಾನಾಳಿಗೆ ಭಾರವಾಗಬಾರದೆಂದು, ಇಷ್ಟು ವರ್ಷಗಳ ಮೇಲೂ, ತನ್ನನ್ನು ತಾನೇ ಅಂಜಬುರುಕಿ ಮಾಡಿಕೊಂಡಳು. ನಾನು ಕೊಟ್ಟ ಬೀಗ ಹಾಗೆಯೇ ಇತ್ತು. ನಾನು ತಲೆ ಬಗ್ಗಿಸಿ ಅಕ್ಕಿ ಆರಿಸಿದೆ.

ಮರುದಿನ ಬೆಳಿಗ್ಗೆ ಅಳಿಯ ಅಂಗಡಿಗೆ, ಭೂಮಿ ಶಾಲೆಗೆ ಹೋದ ಮೇಲೆ, ರೇಣುಕಾ ಹಿತ್ತಿಲಲ್ಲಿ ಅರಿವೆ ಒಗೆಯುತ್ತಿದ್ದಳು. ಪಕ್ಕಕ್ಕೆ ಹೋಗಿ ನಿಂತು ಹೇಳಿದೆ. ಸುತ್ತಿ ಬಳಸಲಿಲ್ಲ. “ಎರಡ ಜಾಗಾ ಇದ್ದುವು. ಒಂದು ನಿಂದು. ನಾ ಸುಳ್ಳ ಹೇಳಿದೆ. ನೀ ಹೋದ್ರ ನಾ ಕೆಲಸ ಬಿಡಬೇಕಾಗ್ತಿತ್ತು.”

ಅವಳು ಕೈಯಲ್ಲಿದ್ದ ಅರಿವೆಯನ್ನು ಹಿಂಡಿ, ಜಾಡಿಸಿ, ಹಗ್ಗದ ಮೇಲೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು, ಅದನ್ನೂ ಹಾಕಿದಳು. ಬೈಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ಬೆನ್ನು ಮಾಡಿಯೇ ಕೇಳಿದಳು:

“ಆವತ್ತ ‘ನೀ ಏನಂತಿ’ ಅಂತ ನನ್ನ ಕೇಳಿದ್ಯಲ್ಲವ್ವಾ. ನಾ ಹೋಗ್ತೇನಿ ಅಂದಿದ್ರ ಏನ ಮಾಡ್ತಿದ್ದಿ?”

ನನಗೆ ಸುಳ್ಳು ಹೇಳಲು ಇನ್ನೊಂದು ಅವಕಾಶ ಅದು. ‘ಕಳಿಸುತ್ತಿದ್ದೆ’ ಎಂದರೆ ಅವಳು ನಂಬುತ್ತಿದ್ದಳೋ ಏನೋ.

“ಮತ್ತೊಂದು ಸುಳ್ಳ ಹೇಳತಿದ್ದೆ,” ಎಂದೆ.

ಆಗ ತಿರುಗಿದಳು. ನನ್ನ ಮುಖ ನೋಡಲಿಲ್ಲ. ನನ್ನನ್ನು ದಾಟಿ, ನನ್ನ ಹಿಂದಿನ ಗೋಡೆಯನ್ನು ನೋಡಿದಳು. “ನೀ ಇವತ್ತ ಊರಿಗೆ ಹೋಗವ್ವಾ,” ಎಂದಳು. “ನನಗ ಸ್ವಲ್ಪ ದಿನಾ ನಿನ್ನ ನೋಡೂದ ಬ್ಯಾಡ.”

ಅವಳು ಹುಟ್ಟಿದಾಗಿನಿಂದ ನನಗೆ ‘ಬ್ಯಾಡ’ ಎಂದಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ಚೀಲ ತುಂಬತೊಡಗಿದೆ. ಪಡಸಾಲೆಯಲ್ಲಿ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ನಾದಿನಿಯ ಜೊತೆ.

“ಸೈಕಲ್ ತಿರುಗಿ ಕಳಸ್ರಿ… ಇಲ್ರೀ, ಭೂಮಿ ಕೇಳಿಲ್ಲ. ನಾನ ಕೇಳಾಕತ್ತೇನಿ… ಹೌದ್ರಿ, ಕೊಟ್ಟಿದ್ದ ಖರೇ. ಅದು ಆಕಿ ಸೈಕಲ್ ಐತಿ, ನಾ ಕೊಡಬಾರದಿತ್ತು.”

ಆ ಕಡೆಯಿಂದ ಏನೋ ಜೋರಾಗಿ ಹೇಳುತ್ತಿದ್ದರು. ಅವಳು ಮತ್ತೆ ಅದೇ ಮಾತು ಹೇಳಿದಳು. ಹಿಂದೆ ಸರಿಯಲಿಲ್ಲ. ಆ ಮನೆಯಲ್ಲಿ ಇದಕ್ಕೆ ಅವಳು ಎಷ್ಟು ಮಾತು ಕೇಳಬೇಕಾಗುತ್ತದೆ ಎಂದು ನನಗೆ ಗೊತ್ತು. ಅದೂ ನನ್ನಿಂದಲೇ.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಶಬಾನಾಳ ಶಾಲೆ. ಹೊರಗೆ ನಿಂತು ಅವಳನ್ನು ಕರೆಸಿ, ಅವಳಿಗೂ ಹೇಳಿದೆ. ಮೈದಾನದ ಅಂಚಿನಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು ಅವಳು ಕೇಳಿಸಿಕೊಂಡಳು. “ಅಲ್ಲಿ ಮೊದಲ ವರ್ಷ ನನ್ನ ಕೂಡ ಯಾರೂ ಇರಲಿಲ್ಲ ಮೌಶಿ,” ಎಂದಳು. “ಆಕಿ ಇದ್ದಿದ್ರ…” ಕಾಲಿಗೆ ನಮಸ್ಕರಿಸದೆ ಮಕ್ಕಳ ಕಡೆ ಹೋದಳು. ನಾನು ಇಬ್ಬರ ಜಾಗವನ್ನೂ ಕೆಡಿಸಿದ್ದೆ ಎಂದು ಆಗ ಹೊಳೆಯಿತು. ಅಲ್ಲಿಯವರೆಗೆ ಒಬ್ಬಳದೇ ಎಂದುಕೊಂಡಿದ್ದೆ.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆ. ಆ ದಿನವೇ ಗಂಡನಿಗೂ ಮಗನಿಗೂ ಹೇಳಿದೆ. “ನನಗ ಒಂದ ಮಾತ ಹೇಳಿದ್ರ ನಾ ನೋಡಿಕೊಳ್ತಿದ್ದೆ,” ಎಂದರು ಗಂಡ. ಇರಬಹುದು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಅದನ್ನು ತೂಗಿ ನನ್ನ ಪಾಲನ್ನು ಕಡಿಮೆ ಮಾಡಿಕೊಳ್ಳುವ ಆಸೆ ನನಗಿಲ್ಲ. ಮಂಜು ಅಕ್ಕನಿಗೆ ಫೋನು ಮಾಡಲೆಂದು ಎದ್ದು ಹೊರಗೆ ಹೋದ. ಅವಳು ಅವನ ಜೊತೆ ಮಾತಾಡಿದಳಂತೆ. ನನ್ನ ಬಗ್ಗೆ ಕೇಳಲಿಲ್ಲವಂತೆ.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಫೋನು ಬಂದಿಲ್ಲ. ಓಣಿಯ ಹೆಂಗಸರು ಮಗಳು ಯಾಕೆ ಬರಲಿಲ್ಲವೆಂದು ಕೇಳಿದರೆ, ನಾನು ಅವಳಿಗೆ ಮೋಸ ಮಾಡಿದೆ, ಅದಕ್ಕೆ ಬಂದಿಲ್ಲ ಎನ್ನುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ನಗಬೇಡಿ ಎಂದು ಕೂರಿಸಿಕೊಂಡು ಪೂರ್ತಿ ಹೇಳುತ್ತೇನೆ. ಕೆಲವರು ಈಗ ನನ್ನನ್ನು ಕಂಡರೆ ಮೊದಲಿನಂತೆ ಮಾತಾಡುವುದಿಲ್ಲ.

ಮುಂಡಗೋಡಿಗೆ ಹೋಗಿ ಕ್ಷಮೆ ಕೇಳಿ ಬಾ ಎಂದು ಗಂಡ ಮತ್ತೆ ಮತ್ತೆ ಹೇಳುತ್ತಾರೆ. ಹೋಗಬಹುದು. ಅಂಗಳದಲ್ಲಿ ನಿಂತು ‘ತಪ್ಪಾತವಾ’ ಎಂದರೆ ಸಾಕು. ಆದರೆ ನಾನು ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ. ಮನಸ್ಸಿನಲ್ಲಿ ಇರಲಿ ಬಿಡಲಿ, ಕೇಳಿದವರಿಗೆ ಕೊಟ್ಟುಬಿಡುತ್ತಾಳೆ — ಹಾಗೆ ಬೆಳೆಸಿದವಳು ನಾನು. ಅದೊಂದನ್ನು ಅವಳಿಂದ ನಾನು ಕೇಳುವುದಿಲ್ಲ.